‘ತಲೆಸುತ್ತು’ ಎಂದು ಬರೆದ ಚೀಟಿ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು ಹಾಗೂ ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಹುಬ್ಬಳ್ಳಿ-ಧಾರವಾಡದಲ್ಲಿ ಮರೆವಿನ ಕಾಯಿಲೆಯವರಿಗೆ ಮಾಡಿಸುವ ಮೆದುಳಿನ ಸ್ಕ್ಯಾನ್ ಕುರಿತು

ಮಾನ್ಯರೇ,

ನಮ್ಮ ಮನೆಯ ಗೋದ್ರೇಜ್ ಕಪಾಟಿನ ಮೇಲೆ ಮೂರು ದೊಡ್ಡ ಲಕೋಟೆಗಳಿವೆ. ಒಂದರಲ್ಲಿ ಸಿಟಿ ಸ್ಕ್ಯಾನ್, ಉಳಿದೆರಡರಲ್ಲಿ ಎಂಆರ್‌ಐ. ಮೂರೂ ನನ್ನ ಯಜಮಾನರ ತಲೆಯವು. 14 ತಿಂಗಳಲ್ಲಿ ಇಷ್ಟಕ್ಕೇ ನಾವು ಎಣಿಸಿಕೊಟ್ಟದ್ದು 15,800 ರೂಪಾಯಿ. ಬಸ್ಸು, ರಿಕ್ಷಾ, ಗುಳಿಗೆಯ ಲೆಕ್ಕ ಬೇರೆ. ಮೂರೂ ವರದಿಗಳು ಒಂದೇ ಮಾತು ಹೇಳಿ ಸಹಿ ಹಾಕಿವೆ: ವಯೋಸಹಜ ಸೆರೆಬ್ರಲ್ ಅಟ್ರೋಫಿ. ಅಂದರೆ ವಯಸ್ಸಿಗೆ ತಕ್ಕಂತೆ ಮೆದುಳು ಕುಗ್ಗಿದೆ, ಬೇರೇನಿಲ್ಲ. ಸಾಲಿ ಕಲಿಸಿ ನಿವೃತ್ತಳಾದವಳು ನಾನು. ನಿಘಂಟು ಮುಂದಿಟ್ಟುಕೊಂಡು ಅಷ್ಟನ್ನು ಓದಿಕೊಂಡೆ. ನಮ್ಮ ಓಣಿಯವರು ದುಡ್ಡಿಲ್ಲದೆಯೇ ಹೇಳಿದ್ದೂ ಅದನ್ನೇ: ಅರವತ್ತಕ್ಕೆ ಅರಳು ಮರಳು.

ಯಜಮಾನರಿಗೆ ಈಗ 71. ಹುಬ್ಬಳ್ಳಿಯ ದಾಜಿಬಾನ ಪೇಟೆಯಲ್ಲಿ ಒಂದು ಜವಳಿ ಅಂಗಡಿಯ ರೋಜು-ಕಿರ್ದಿ ಬರೆದವರು, 38 ವರ್ಷ. ದಿನಾ ಧಾರವಾಡದಿಂದ ಹೋಗಿ ಬರುವುದು. ಗಿರಾಕಿಗಳೊಡನೆ ಕನ್ನಡ, ಮರಾಠಿ, ಹಿಂದಿ ಮೂರೂ ಬಾಯಿಪಾಠ. ಲೆಕ್ಕದ ಕಾಲಮ್ಮಿನ ಮೇಲೆ ಬೆರಳು ಜಾರಿಸಿದರೆ ಸಾಕು, ಬೆರಳು ತಳಕ್ಕೆ ಮುಟ್ಟುವಷ್ಟರಲ್ಲಿ ಮೊತ್ತ ಬಾಯಿಗೆ ಬರುತ್ತಿತ್ತು. ಕೆಲಸ ಬಿಟ್ಟ ಮೇಲೂ ದೀಪಾವಳಿ ಪಾಡ್ಯಕ್ಕೆ ಹೊಸ ಕಿರ್ದಿಯ ಮೊದಲ ಹಾಳೆ ಅವರ ಕೈಯಿಂದಲೇ ಬರೆಸಬೇಕೆಂದು ಅಂಗಡಿಯವರು ಕರೆಸಿಕೊಳ್ಳುತ್ತಿದ್ದರು. ಕಳೆದದ್ದರ ಹಿಂದಿನ ಪಾಡ್ಯಕ್ಕೆ ಅವರು ‘ಶ್ರೀ’ ಬರೆದರು, ತಿಥಿ ಬರೆದರು, ಮಾಲೀಕರ ಹೆಸರು ಬರೆದರು. ಆಮೇಲೆ ಕೆಳಗೆ ಮತ್ತೆ ಶ್ರೀ, ಮತ್ತೆ ತಿಥಿ, ಮತ್ತೆ ಹೆಸರು. ನಾಲ್ಕು ಸಲ. ಅಕ್ಷರ ಮಾತ್ರ ಮುತ್ತು ಪೋಣಿಸಿದಂತೆ. ಮಾಲೀಕರ ಮಗ ಏನೂ ಅನ್ನದೆ ಪೆನ್ನಿನ ಟೊಪ್ಪಿಗೆ ಹಾಕಿದ. ಆ ಹಾಳೆಯನ್ನು ಆತ ಹರಿಯಲಿಲ್ಲ, ಹಾಗೇ ಇಟ್ಟಿದ್ದಾನೆ.

ಅದಾದ ವಾರಕ್ಕೆ ನಾವು ವೈದ್ಯರೊಬ್ಬರ ಹತ್ತಿರ ಹೋದೆವು. ಹೆಸರು ಬೇಡ, ಒಳ್ಳೆಯವರೇ. ಹೊರಗೆ 40 ಜನ ಕೂತಿದ್ದರು. ‘ಏನಾಗೇತ್ರಿ ಅಜ್ಜಾರ?’ ಅಂತ ಕೇಳಿದರು. ‘ಏನಿಲ್ರಿ, ಆರಾಮ ಅದೀನಿ. ಎದ್ದು ನಿಂತಾಗ ಒಂದೀಟು ತಲಿ ತಿರಗತೈತಿ’ ಅಂದರು ಇವರು. ಮರೆವಿನ ಕಾಯಿಲೆಯವರು ತಮಗೆ ಮರೆವು ಎಂದು ಹೇಳುವುದಿಲ್ಲ. ಮರೆತದ್ದನ್ನೇ ಮರೆತಿರುತ್ತಾರೆ, ಹೇಳಲು ಅಲ್ಲೇನಿರುತ್ತದೆ? ಪಕ್ಕದಲ್ಲಿದ್ದ ನಾನು ಕಿರ್ದಿಯ ಮಾತು ತೆಗೆಯುವಷ್ಟರಲ್ಲಿ ವೈದ್ಯರು ಚೀಟಿ ಬರೆದಾಗಿತ್ತು. ಮೇಲೆ ‘ಸಿಟಿ ಬ್ರೇನ್’. ‘ರೋಗಿಯ ವಿವರ’ ಎಂಬಲ್ಲಿ ಒಂದೇ ಪದ: ತಲೆಸುತ್ತು.

ನನ್ನ ದೂರು ಈ ಒಂದು ಪದದ ಮೇಲಿದೆ.

ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್ ರೋಗಿಯ ಮುಖ ನೋಡುವುದೇ ಅಪರೂಪ. ಎಷ್ಟೋ ಕಡೆ ಚಿತ್ರ ಒಂದೂರಿನಲ್ಲಿ ತೆಗೆದರೆ ವರದಿ ಇನ್ನೊಂದೂರಿನಿಂದ ಬರುತ್ತದೆ. ಅವರ ಕೈಯಲ್ಲಿರುವುದು ನೂರಾರು ಚಿತ್ರಗಳು ಮತ್ತು ಆ ಒಂದು ಪದ. ತಲೆಸುತ್ತು ಎಂದರೆ ಅವರು ನೆತ್ತರು ಸೋರಿದೆಯೇ, ಗಡ್ಡೆ ಇದೆಯೇ, ಚಿಕ್ಕಮೆದುಳಿಗೆ ಲಕ್ವ ಹೊಡೆದಿದೆಯೇ ಎಂದು ನೋಡುತ್ತಾರೆ. ಇಲ್ಲದಿದ್ದರೆ ಇಲ್ಲ ಎಂದು ಬರೆಯುತ್ತಾರೆ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾರೆ, ಅವರ ತಪ್ಪಿಲ್ಲ. ‘ಈ ಮನುಷ್ಯ ಒಂದೂವರೆ ವರ್ಷದಿಂದ ಮರೆಯುತ್ತಿದ್ದಾನೆ, ಹೊಸ ಸಂಗತಿ ನಿಲ್ಲುತ್ತಿಲ್ಲ, ಲೆಕ್ಕ ತಪ್ಪುತ್ತಿದೆ, ಬಂದ ದಾರಿ ಗೊತ್ತಾಗುತ್ತಿಲ್ಲ’ ಎಂದು ಯಾರಾದರೂ ಬರೆದಿದ್ದರೆ ಅವರ ಕಣ್ಣು ಬೇರೆ ಕಡೆ ಹೋಗುತ್ತಿತ್ತು.

ಆ ಬೇರೆ ಕಡೆ ಯಾವುದು ಎಂದು ನನಗೆ ತೋರಿಸಿದವರು, 14 ತಿಂಗಳ ಮೇಲೆ, ಬೆಂಗಳೂರಿನ ಒಬ್ಬ ನರರೋಗ ತಜ್ಞೆ. ಕಿವಿಗಳ ಒಳಗಡೆಗೆ, ಮೆದುಳಿನ ಎರಡೂ ಮಗ್ಗುಲಲ್ಲಿ ಹಿಪೊಕ್ಯಾಂಪಸ್ ಎಂಬ ಒಂದೊಂದು ಸಣ್ಣ ಭಾಗವಿದೆ. ಗ್ರೀಕರ ಮಾತಿನಲ್ಲಿ ಅದು ಕಡಲಕುದುರೆ, ಆಕಾರವೂ ಹಾಗೇ. ಇವತ್ತು ಕಂಡದ್ದು ನಾಳೆಗೆ ನೆನಪಾಗಿ ಉಳಿಯಬೇಕಾದರೆ ಇದರ ಮೂಲಕವೇ ಹಾಯಬೇಕು. ಆಲ್ಜೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಈ ಜಾಗಕ್ಕೆ. ಬ್ರೆಡ್ಡಿನ ಹೋಳುಗಳಂತೆ ಅಡ್ಡ ಕತ್ತರಿಸಿದ ಮಾಮೂಲಿ ಚಿತ್ರಗಳಲ್ಲಿ ಅದು ಸರಿಯಾಗಿ ಕಾಣುವುದಿಲ್ಲ. ಎದುರಿನಿಂದ ನೋಡಿದಂತೆ, ಒಂದು ಕಿವಿಯಿಂದ ಇನ್ನೊಂದು ಕಿವಿಗೆ ನಿಲುವಾಗಿ ಕತ್ತರಿಸಿದ ಕೊರೋನಲ್ ಚಿತ್ರ ಬೇಕು. ಅದನ್ನು ಹಿಡಿದು 0ರಿಂದ 4ರವರೆಗೆ ಅಂಕ ಕೊಡುವ ಒಂದು ಪದ್ಧತಿಯನ್ನು ಡಚ್ ವೈದ್ಯ ಶೆಲ್ಟೆನ್ಸ್ ಮತ್ತು ಸಂಗಡಿಗರು 1992ರಲ್ಲೇ ಕೊಟ್ಟಿದ್ದಾರೆ. 75ರ ಒಳಗಿನವರಲ್ಲಿ 2 ಅಥವಾ ಹೆಚ್ಚು ಬಂದರೆ ಅದನ್ನು ವಯೋಸಹಜ ಅನ್ನುವ ಹಾಗಿಲ್ಲ, ದಾಟಿದವರಿಗೆ 3.

ನಮ್ಮ ಯಜಮಾನರದು ಎರಡೂ ಕಡೆ 3.

ಇದು ಹೊಸ ಸ್ಕ್ಯಾನ್‌ನಿಂದ ಗೊತ್ತಾದದ್ದಲ್ಲ. ಆಕೆ ಹೊಸದನ್ನು ಮಾಡಿಸಲೇ ಇಲ್ಲ. ಹುಬ್ಬಳ್ಳಿಯ ಮೂರನೆಯ ಲಕೋಟೆಯೊಳಗಿನ ಸಿಡಿ ಹಾಕಿದರು, ಮೌಸನ್ನು ನಾಲ್ಕು ಸಲ ಒತ್ತಿದರು, ಚಿತ್ರ ಎದ್ದು ನಿಂತಿತು. ಬೇಕಾದದ್ದೆಲ್ಲ ಅದರಲ್ಲೇ ಇತ್ತು. ಫಿಲ್ಮಿಗೆ ಇಳಿಸಿರಲಿಲ್ಲ, ವರದಿಯಲ್ಲಿ ಬರೆದಿರಲಿಲ್ಲ. ಯಾಕೆಂದರೆ ಮೊದಲ ಚೀಟಿಯ ತಲೆಸುತ್ತು ಮೂರನೆಯ ಚೀಟಿಯವರೆಗೂ ನಕಲಾಗುತ್ತ ಬಂದಿತ್ತು. ಈಗಿನ ಸಿಟಿ ಯಂತ್ರಗಳಲ್ಲೂ ಹೀಗೆ ನಿಲುವಾಗಿ ಕತ್ತರಿಸಿ ನೋಡಬಹುದಂತೆ. ಹಾಗಾದರೆ ಎಂಆರ್‌ಐಗೆ ದುಡ್ಡಿಲ್ಲದವರಿಗೂ, ಎದೆಯಲ್ಲಿ ಹಳೆಯ ಪೇಸ್‌ಮೇಕರ್ ಇರುವವರಿಗೂ ಇದು ಸಿಗಬೇಕು. ಇದಕ್ಕೆ ತಗಲುವ ಹೆಚ್ಚಿನ ಖರ್ಚು ಒಂದು ರೂಪಾಯಿಯೂ ಅಲ್ಲ.

ಆ ತಜ್ಞೆ ಕಂಪ್ಯೂಟರ್ ಮುಟ್ಟಿದ್ದು ಕೊನೆಗೆ. ಅದಕ್ಕೂ ಮೊದಲು ಮುಕ್ಕಾಲು ತಾಸು ಬರೇ ಮಾತು. ನನ್ನನ್ನು ಬೇರೆ, ಅವರನ್ನು ಬೇರೆ ಕೂಡಿಸಿ ಕೇಳಿದರು. ಒಂದು ನಿಮಿಷದಲ್ಲಿ ಎಷ್ಟು ಕಾಯಿಪಲ್ಲೆಯ ಹೆಸರು ಹೇಳುತ್ತೀರಿ ಅಂದಾಗ ಇವರು ‘ಬದನಿಕಾಯಿ, ಉಳ್ಳಾಗಡ್ಡಿ, ಚವಳಿಕಾಯಿ, ಹಕ್ಕರಕಿ’ ಅಂದು ನಿಂತರು. ಮತ್ತೆ ‘ಬದನಿಕಾಯಿ’ ಅಂದರು. ಗಡಿಯಾರ ಬರೆಯಿರಿ ಅಂದರೆ ಗುಂಡಗೆ ಚೆಂದದ ವೃತ್ತ ಬರೆದು ಹನ್ನೆರಡೂ ಅಂಕಿಗಳನ್ನು ಬಲಗಡೆಯ ಅರ್ಧದಲ್ಲಿ ತುರುಕಿದರು. ಎಡಗೈಯಲ್ಲಿ ಎಚ್‌ಎಂಟಿ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು.

ಹುಬ್ಬಳ್ಳಿಯಲ್ಲಿ ಇಂಥ ಪರೀಕ್ಷೆ ಆಗಲೇ ಇಲ್ಲ ಎನ್ನಲಾರೆ. ಒಂದು ಕಡೆ ಆಯಿತು, ಹತ್ತು ನಿಮಿಷ. ಕೇಳಿದ ಹುಡುಗಿ ನಮ್ಮ ಕಡೆಯವಳಲ್ಲ. ‘ಈಗ ಯಾವ ಋತು?’ ಅಂದಳು. ‘ಸುಗ್ಗಿ’ ಅಂದರು ಇವರು. ಜನವರಿ ತಿಂಗಳು, ಜೋಳ ಹಾಲುಗಾಳು ಹಿಡಿದ ಹೊತ್ತು. ಸುಗ್ಗಿಯಲ್ಲದೆ ಮತ್ತೇನು? ಅವಳು ತಪ್ಪು ಹಾಕಿದಳು. ಆಮೇಲೆ ಆಲೂಗಡ್ಡೆಯ ಚಿತ್ರ ತೋರಿಸಿದಳು. ‘ಬಟಾಟಿ’ ಅಂದರು. ಅವಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದ ಮೇಲೆ ಆ ಒಂದು ಅಂಕ ಸಿಕ್ಕಿತು. ನಮ್ಮ ಜೊತೆ ಕುಂದಗೋಳ ಕಡೆಯ ಒಬ್ಬ ಅಜ್ಜಿ ಇದ್ದರು, ಸಾಲಿ ಮೆಟ್ಟಿಲು ಹತ್ತಿದವರಲ್ಲ. ಅವರ ಕೈಗೂ ಪೆನ್ಸಿಲ್ ಕೊಟ್ಟು ಗಡಿಯಾರ ಬರೆಯಲು ಹೇಳಿದರು. ಜನ್ಮದಲ್ಲಿ ಪೆನ್ಸಿಲ್ ಹಿಡಿಯದವರಿಗೆ!

ಇದಕ್ಕೆ ಉಪಾಯ ಆಗಲೇ ಇದೆ, ಅದೂ ನಮ್ಮ ದೇಶದಲ್ಲೇ. ಓದು ಬಾರದವರ ಮರೆವನ್ನು ಅಳೆಯಲೆಂದೇ ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಹಿಂದಿಯ ಪ್ರಶ್ನಾವಳಿಯೊಂದು ತಯಾರಾಗಿ 1995ರಲ್ಲಿ ಪ್ರಕಟವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜೊತೆಗೆ ಕನ್ನಡದಲ್ಲೂ ಪರೀಕ್ಷೆಗಳ ಒಂದು ಕಟ್ಟನ್ನೇ ಸಿದ್ಧಪಡಿಸಿದೆ. ಕಟ್ಟು ಇದೆ ಎಂದ ಮೇಲೆ ಅದನ್ನು ಬಿಚ್ಚುವ ಕೈ ಬೇಕು, ಬಿಚ್ಚುವವರಿಗೆ ಬಟಾಟಿ ಗೊತ್ತಿರಬೇಕು.

ನಮ್ಮ ಮಾತು ಬಲ್ಲವರೇ ಪರೀಕ್ಷೆ ಮಾಡಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಆಗ ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿದ್ದ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಅಲ್ಲಿನ 648 ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಬರೆದರು: ಎರಡು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ, ಅಂದರೆ ಈ ಮರೆವಿನ ಕಾಯಿಲೆ, ಕಾಣಿಸಿಕೊಳ್ಳುವುದು ಸುಮಾರು ನಾಲ್ಕೂವರೆ ವರ್ಷ ತಡವಾಗಿ, ಓದು ಬಾರದವರಲ್ಲೂ ತಡವಾಗಿಯೇ. ಹುಬ್ಬಳ್ಳಿಯ ಪೇಟೆಯಲ್ಲಿ ಒಂದೇ ಭಾಷೆಯ ಮನುಷ್ಯನನ್ನು ಹುಡುಕಿ ತೆಗೆಯಬೇಕು. ಸಂತೋಷದ ಸುದ್ದಿಯೇ. ಆದರೆ ಇದರ ಇನ್ನೊಂದು ಮಗ್ಗುಲನ್ನು ಆ ತಜ್ಞೆ ಹೇಳಿದರು. ಇಂಥವರು ಮಾತಿನ ಬಲದಿಂದ ಸವಕಳಿಯನ್ನು ಬಹಳ ದಿನ ಮುಚ್ಚಿಕೊಂಡಿರುತ್ತಾರೆ. ಹೊರಗೆ ಕಾಣುವಷ್ಟರಲ್ಲಿ ಒಳಗೆ ಸಾಕಷ್ಟು ಕರಗಿರಬಹುದು. ಐದು ನಿಮಿಷ ಮಾತಾಡಿಸಿ ‘ಅಜ್ಜಾರು ಚಲೋ ಮಾತಾಡ್ತಾರಲ್ರಿ’ ಎಂದು ಬೆನ್ನು ತಟ್ಟಿ ಕಳಿಸಿದವರು ಹೀಗೇ ಮೋಸ ಹೋದರು.

ಹಾಗೆಂದು ಸ್ಕ್ಯಾನ್ ಒಂದೇ ಸಾಕೇ? ಸಾಲದು. ಕಡಲಕುದುರೆ ಬಡವಾಗಿದ್ದೂ ನೆಟ್ಟಗೆ ಸಂಸಾರ ನಡೆಸುವವರಿದ್ದಾರೆ. ಚಿತ್ರ ಹೆಚ್ಚುಕಡಿಮೆ ಸರಿಯಿದ್ದೂ ಮಗಳ ಹೆಸರು ಮರೆತವರಿದ್ದಾರೆ. ಯಜಮಾನರ ಲೆಕ್ಕದ ಭಾಷೆಯಲ್ಲೇ ಹೇಳುವುದಾದರೆ, ಕಿರ್ದಿ ಮತ್ತು ಗಲ್ಲೆ ಎರಡೂ ತಾಳೆಯಾಗಬೇಕು.

ಸ್ಕ್ಯಾನ್‌ನ ನಿಜವಾದ ದೊಡ್ಡ ಉಪಕಾರ ಬೇರೆಯೇ ಇದೆ. ನಮ್ಮ ಓಣಿಯ ಹಿರಿಯರೊಬ್ಬರು ಬಚ್ಚಲಲ್ಲಿ ಜಾರಿ ತಲೆ ಬಡಿಸಿಕೊಂಡರು. ಗಾಯವಿಲ್ಲ, ಬಾವೂ ಇಲ್ಲ. ತಿಂಗಳು ಕಳೆದ ಮೇಲೆ ಒಂದೇ ಸವನೆ ನಿದ್ದೆ, ತಪ್ಪು ತಪ್ಪು ಮಾತು, ಧೋತರದಲ್ಲೇ ಮೂತ್ರ. ಮನೆಯವರು ಅರಳು ಮರಳು ಅಂದುಕೊಂಡು ಇನ್ನೂ ಎರಡು ತಿಂಗಳು ಸುಮ್ಮನಿದ್ದರು. ಊರಿಂದ ಬಂದ ಅಳಿಯ ಹಟ ಹಿಡಿದು ಸಿಟಿ ಮಾಡಿಸಿದ. ತಲೆಬುರುಡೆಯ ಒಳಗೆ, ಮೆದುಳಿನ ಹೊರಗೆ, ನೆತ್ತರು ಮಡುಗಟ್ಟಿ ಕೂತಿತ್ತು. ಸಣ್ಣ ತೂತು ಕೊರೆದು ಅದನ್ನು ಹರಿಯಬಿಟ್ಟರು. ವಾರಕ್ಕೆ ಆ ಹಿರಿಯರು ಲೈನ್ ಬಜಾರಿಗೆ ತಾವೇ ಹೋಗಿ ಪೇಡೆ ತಂದು ಹಂಚಿದರು. ಮೆದುಳಿನ ಒಳಕೋಣೆಗಳಲ್ಲಿ ನೀರು ತುಂಬಿ, ನಡಿಗೆ ತೊಡರಿ, ಮೂತ್ರದ ಹಿಡಿತ ತಪ್ಪಿ, ಮರೆವು ಬರುವ ಇನ್ನೊಂದು ಬೇನೆಯಿದೆ. 1965ರಲ್ಲಿ ಹಕೀಮ್ ಮತ್ತು ಆಡಮ್ಸ್ ವಿವರಿಸಿದ್ದು. ಅದಕ್ಕೂ ಶಸ್ತ್ರಚಿಕಿತ್ಸೆಯಿದೆ, ಅದೂ ಸಿಕ್ಕಿಬೀಳುವುದು ಸ್ಕ್ಯಾನ್‌ನಲ್ಲಿಯೇ. ಗಡ್ಡೆಯೂ ಹಾಗೇ. ಬಿಪಿ, ಸಕ್ಕರೆ ಕಾಯಿಲೆಯಿಂದ ಆದ ಸಣ್ಣ ಸಣ್ಣ ಲಕ್ವಗಳ ಗುರುತೂ ಎಂಆರ್‌ಐಯಲ್ಲಿ ಬಿಳಿ ಚುಕ್ಕೆಗಳಾಗಿ ಕಾಣುತ್ತದೆ. ಅವನ್ನು ಅಳಿಸಲಾಗದು, ಹೆಚ್ಚದಂತೆ ತಡೆಯಬಹುದು. ಜೊತೆಗೆ ಬಿ12 ಮತ್ತು ಥೈರಾಯ್ಡ್, ಎರಡು ರಕ್ತಪರೀಕ್ಷೆ. ಸಸ್ಯಾಹಾರಿ ಮನೆಗಳೇ ಹೆಚ್ಚಿರುವ ನಮ್ಮ ಓಣಿಗಳಲ್ಲಿ ಬಿ12 ಕೇಳದೆ ಎಂಆರ್‌ಐಗೆ ಬರೆದುಕೊಡುವುದು ನನಗಂತೂ ಅರ್ಥವಾಗದ ಸಂಗತಿ.

ಎಂಆರ್‌ಐ ಕೋಣೆಯ ಒಂದು ಪ್ರಸಂಗ ಹೇಳಲೇಬೇಕು. ಮೈಮೇಲೆ ಲೋಹ ಇರಕೂಡದು ಎಂದು ಮೊದಲ ಸಲ ಅಲ್ಲಿನ ಹುಡುಗ ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆ ತೆಗೆಯಿರಿ ಅಂದ. ಲಿಂಗದೀಕ್ಷೆ ಆದಂದಿನಿಂದ ಅದು ಅವರ ಮೈ ಬಿಟ್ಟದ್ದಿಲ್ಲ. ಹಿಂದಿನ ದಿನ ಉಂಡದ್ದು ಮರೆತಿದ್ದರು, ಮೊಮ್ಮಗನ ಹೆಸರು ಮರೆತಿದ್ದರು, ಇದನ್ನು ಮರೆತಿರಲಿಲ್ಲ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತರು. ಹೊತ್ತಾಯಿತೆಂದು ಹುಡುಗ ಗದರಿದ. ಕಡೆಗೆ ಒಳಗೆ ಮಲಗಿಸಿದರು, ಆದರೆ ಒಂದು ಗಳಿಗೆ ತಲೆ ನಿಲ್ಲಲಿಲ್ಲ. ‘ಗಿರಣಿ ಯಾಕ ಚಾಲೂ ಮಾಡೀರಿ, ಬಂದ್ ಮಾಡ್ರಿ’ ಎಂಬ ಕೂಗು ಹೊರಗಿದ್ದ ನನಗೆ ಕೇಳುತ್ತಿತ್ತು. ಚಿತ್ರಗಳೆಲ್ಲ ನೀರಿನ ನೆರಳಿನಂತೆ ಕಲಕಿಹೋದವು. ಚಿತ್ರ ಅಲುಗಾಡಿದೆ ಎಂಬ ಮಾತೂ ವರದಿಯಲ್ಲಿರಲಿಲ್ಲ. ವಯೋಸಹಜ ಎಂಬುದು ಮಾತ್ರ ಇತ್ತು. ಎರಡನೆಯ ಎಂಆರ್‌ಐ ಮಾಡಿಸಬೇಕಾದದ್ದು ಇದರಿಂದ. ಆ ಇನ್ನೊಂದು ಕಡೆ ಯಂತ್ರ ನಡೆಸುವವನು ವಯಸ್ಸಾದವನು. ಗಾಜಿನ ಆಚೆ ಮೊಮ್ಮಗನನ್ನು ನಿಲ್ಲಿಸಿ ಕರಡಿಗೆಯನ್ನು ಅವನ ಅಂಗೈಯಲ್ಲಿ ಇರಿಸಿದ, ಇವರಿಗೆ ಕಾಣುವ ಹಾಗೆ. ನನ್ನ ತಾಳಿ, ಬಳೆ ಎಲ್ಲ ತೆಗೆಸಿ ಒಳಗೆ ಕರೆದು, ಅಂಗಾಲು ಹಿಡಿದುಕೊಂಡು ಕೂಡಲು ಹೇಳಿದ. ‘ಅಜ್ಜಾರ, ಈಗ ನಾಕ್ ನಿಮಿಷ ಸಪ್ಪಳ ಆಗ್ತೈತ್ರಿ... ಮುಗೀತ್ರಿ... ಈಗ ಇನ್ನ ಮೂರ ನಿಮಿಷ.’ ಕೊನೆತನಕ ಹೀಗೇ ಹೇಳುತ್ತ ಹೋದ. ಇವರು ಕಲ್ಲಿನಂತೆ ಮಲಗಿದರು. ಯಂತ್ರ ಎರಡೂ ಕಡೆ ಒಂದೇ ನಮೂನಿಯದು.

ಇನ್ನು ಪೆಟ್ ಸ್ಕ್ಯಾನ್. ನೆಂಟರೊಬ್ಬರು ‘ಅದನ್ನ ಮಾಡಿಸ್ರಿ, ಪಕ್ಕಾ ಗೊತ್ತಾಗ್ತೈತಿ’ ಎಂದು ದುಂಬಾಲು ಬಿದ್ದಿದ್ದರು. ಅದಕ್ಕೆ ವಿಕಿರಣ ಸೇರಿಸಿದ ಸಕ್ಕರೆಯಂಥ ದ್ರವ್ಯ ಚುಚ್ಚಬೇಕು, ಅದು 110 ನಿಮಿಷಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಅದನ್ನು ಬೆಂಗಳೂರಿನಿಂದ ತರಿಸುವುದಾದರೆ ಹುಬ್ಬಳ್ಳಿಗೆ 400 ಕಿಲೋಮೀಟರ್ ಮೇಲೆ. ಏಳು ತಾಸಿನ ದಾರಿ ಮುಗಿಸುವಷ್ಟರಲ್ಲಿ ಉಳಿಯುವುದು ಹದಿನಾಲ್ಕರಲ್ಲಿ ಒಂದು ಪಾಲು. ಆಲ್ಜೈಮರ್‌ನ ಅಮಿಲಾಯ್ಡ್ ಕಲೆಗಳನ್ನೇ ತೋರಿಸುವ ಪೆಟ್ ಇನ್ನೂ ತುಟ್ಟಿ. ಹೊರದೇಶಗಳ ಹೊಸ ಔಷಧಿ ಕೊಡುವ ಮೊದಲು ಆ ಕಲೆಗಳ ಪುರಾವೆ ಬೇಕಾಗುತ್ತದೆ. ಪೆಟ್ ಸ್ಕ್ಯಾನನ್ನು ನಾನು ಈ ಪತ್ರದಲ್ಲಿ ಬೇಡುತ್ತಿಲ್ಲ. ಇದ್ದ ಸಿಟಿಯನ್ನು ನೆಟ್ಟಗೆ ಓದಿಸಿಕೊಳ್ಳಲಾಗದ ನಾವು ಪೆಟ್ ಕೇಳುವುದು ರೊಟ್ಟಿಗೆ ಹಿಟ್ಟಿಲ್ಲದವರು ತುಪ್ಪದ ಜಗಳ ಆಡಿದಂತೆ.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಬರೆಯುತ್ತಿಲ್ಲ. 2022ರ ಜನವರಿಯಲ್ಲಿ ನಿಮ್ಹಾನ್ಸ್ ಜೊತೆಗೂಡಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ಶುರು ಮಾಡಿದಿರಿ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ದಕ್ಷಿಣದಲ್ಲಿ ಪ್ರಯೋಗವಾಯಿತು. ಲಕ್ವ, ಮೂರ್ಛೆರೋಗ, ತಲೆಶೂಲೆಯ ಜೊತೆ ಡಿಮೆನ್ಷಿಯಾವನ್ನೂ ಸೇರಿಸಿ, ಉಳಿದ ಜಿಲ್ಲೆಗಳಿಗೂ ಮೆದುಳು ಆರೋಗ್ಯ ಕ್ಲಿನಿಕ್ ತರುವುದಾಗಿ ಹೇಳಿದಿರಿ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಹಳ್ಳಿಗರನ್ನು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನ ಹಮ್ಮಿಕೊಂಡಿದೆ, ಅದರಲ್ಲಿ ಎಂಆರ್‌ಐ ಕೂಡ ಇದೆ. ಭಾರತೀಯರ ಮಟ್ಟಿಗೆ ವಯೋಸಹಜ ಎಂದರೆ ಎಷ್ಟು ಎನ್ನುವುದಕ್ಕೆ ನಮ್ಮದೇ ಅಳತೆಗೋಲು ಇಂಥ ಕೆಲಸದಿಂದ ಬರಬೇಕು. ಹೆಮ್ಮೆಯೇ. ಆದರೆ ಇವೆಲ್ಲ ತುಂಗಭದ್ರೆಯ ಆಚೆಗೇ ಯಾಕೆ ಮೊದಲಾಗುತ್ತವೆ ಎಂದು ಕೇಳುವ ಹಳೆಯ ಚಾಳಿ ನಮಗಿದೆ, ಕ್ಷಮಿಸಿ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4 ಜನಕ್ಕೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ. ಅವರೆಲ್ಲ ಕೋಲಾರದಲ್ಲಿಲ್ಲ.

ಅವಳಿ ನಗರದಲ್ಲಿ ನಮಗೆ ಎರಡು ದೊಡ್ಡ ಸರ್ಕಾರಿ ಸಂಸ್ಥೆಗಳಿವೆ. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜು, ಜನರ ಬಾಯಲ್ಲಿ ಇನ್ನೂ ಕಿಮ್ಸ್. ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಉತ್ತರ ಕನ್ನಡದವರೂ ಬರುವುದು ಇಲ್ಲಿಗೇ. ಧಾರವಾಡದ ಬೆಳಗಾವಿ ರಸ್ತೆಯಲ್ಲಿ ಡಿಮ್ಹಾನ್ಸ್, 1845ರ ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಯಿಂದ ಬೆಳೆದದ್ದು. ಒಂದು ಕಡೆ ನರರೋಗ ಮತ್ತು ರೇಡಿಯಾಲಜಿಯವರು, ಇನ್ನೊಂದು ಕಡೆ ಮನೋರೋಗ ಮತ್ತು ಮನಶ್ಶಾಸ್ತ್ರದವರು. ನಡುವೆ ಸುಮಾರು 20 ಕಿಲೋಮೀಟರ್, ಚಿಗರಿ ಬಸ್ಸಿನ ದಾರಿ. ಡಿಮೆನ್ಷಿಯಾ ಗುರುತಿಸಲು ಈ ಎರಡೂ ಕಡೆಯವರು ಒಂದು ಮೇಜಿನ ಸುತ್ತ ಕೂಡಬೇಕು. ಈಗ ಆ ಎರಡು ಕಡೆಯ ನಡುವೆ ಓಡಾಡುವವರು ರೋಗಿ ಮತ್ತು ರೋಗಿಯ ಹೆಂಡತಿ. ಒಮ್ಮೆ ಚಿಗರಿಯಲ್ಲಿ ನಾನು ತೂಕಡಿಸಿದ ಗಳಿಗೆಯಲ್ಲಿ ಇವರು ನವನಗರದಲ್ಲಿ ಇಳಿದುಬಿಟ್ಟರು. ನಿಲ್ದಾಣದ ಗಾಜಿನ ಬಾಗಿಲ ಹಿಂದೆ ನಿಂತು ಒಂದೂವರೆ ತಾಸು ‘ದಾಜಿಬಾನ ಪೇಟೆ ಬಂತೇನ್ರಿ’ ಎಂದು ಎಲ್ಲರನ್ನೂ ಕೇಳುತ್ತಿದ್ದರಂತೆ.

ಡಿಮ್ಹಾನ್ಸ್ ಬಗ್ಗೆ ನಮ್ಮವರದೂ ಒಂದು ತಪ್ಪಿದೆ. ‘ಮೆಂಟಲ್ ಹಾಸ್ಪಿಟಲ್‌ಗೆ ಕರಕೊಂಡು ಹೊಂಟಿಯೇನ’ ಎಂದು ನನ್ನ ನಾದಿನಿ ಮೂರು ತಿಂಗಳು ಮಾತು ಬಿಟ್ಟಳು. ಗೇಟಿನ ಬೋರ್ಡು ನೋಡಿ ಹಿಂದಿರುಗಿದ ಸಂಸಾರಗಳು ಎಷ್ಟೋ. ಮರೆವಿನವರಿಗೆ ಬೇರೆ ಬಾಗಿಲು, ಬೇರೆ ಫಲಕ ಇಟ್ಟರೆ ನಿಮ್ಮ ಗಂಟೇನು ಹೋಗುತ್ತದೆ?

ದುಡ್ಡಿನ ಮಾತು ಒಂದಿಷ್ಟು. ಆಯುಷ್ಮಾನ್ ಕಾರ್ಡು ಒಳರೋಗಿಗಳಿಗೆ. 70 ತುಂಬಿದವರಿಗೆಲ್ಲ 2024ರ ಅಕ್ಟೋಬರಿನಲ್ಲಿ ವಯ ವಂದನಾ ಕಾರ್ಡು ಬಂತು, ಅದೂ ಒಳರೋಗಿಗಳಿಗೇ. ಡಿಮೆನ್ಷಿಯಾ ಗುರುತಿಸುವ ಕೆಲಸ ಪೂರಾ ಹೊರರೋಗಿ ವಿಭಾಗದ್ದು: ಮಾತು, ರಕ್ತ, ಸ್ಕ್ಯಾನ್, ಮತ್ತೆ ಮಾತು. ‘ಒಂದು ರಾತ್ರಿ ಅಡ್ಮಿಟ್ ಆಗ್ರಲಾ, ಸ್ಕ್ಯಾನ್ ಕಾರ್ಡಿನ್ಯಾಗ ಹಾಕ್ಸೋಣು’ ಎಂದು ಒಬ್ಬರು ದಾರಿ ತೋರಿಸಿದರು. ಹೊಸ ಜಾಗದಲ್ಲಿ ಒಂದು ರಾತ್ರಿ ಎಂದರೆ ಇಂಥ ರೋಗಿಗೆ ಎಷ್ಟು ದೊಡ್ಡ ಗಾಬರಿ ಎಂದು ಅವರಿಗೆ ಗೊತ್ತಿರಲಿಕ್ಕಿಲ್ಲ. ನಾನು ಒಲ್ಲೆ ಎಂದೆ.

ನಾನು ಕೇಳುವುದು ಹೊಸ ಕಟ್ಟಡವಲ್ಲ, ಹೊಸ ಯಂತ್ರವೂ ಅಲ್ಲ. ವಾರಕ್ಕೊಂದು ದಿನ ಮರೆವಿನವರಿಗಾಗಿಯೇ ಒಂದು ಕ್ಲಿನಿಕ್ ನಡೆಯಲಿ, ಎರಡೂ ಸಂಸ್ಥೆಗಳವರು ಅಲ್ಲಿ ಕೂಡಿ ಕೂಡ್ರಲಿ. ಈಗಾಗಲೇ ಎಲ್ಲಾದರೂ ನಡೆಯುತ್ತಿದ್ದರೆ ಅದರ ವಾರ, ವೇಳೆ, ಕೋಣೆಯ ನಂಬರು ಪ್ರತಿ ತಾಲೂಕು ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರಲಿ. ಅಲ್ಲಿ ಮೊದಲು ಮನೆಯವರ ಮಾತು ಕೇಳಲಿ, ನಮ್ಮ ಕಡೆಯ ಕನ್ನಡ ಬಲ್ಲವರು ಕೇಳಲಿ. ಸ್ಕ್ಯಾನ್‌ಗೆ ಬರೆದರೆ ನಿಲುವು ಚಿತ್ರ, ಕಡಲಕುದುರೆಯ ಅಂಕ, ಬಿಳಿ ಚುಕ್ಕೆಯ ಲೆಕ್ಕ ಕಡ್ಡಾಯವಾಗಿ ವರದಿಯಲ್ಲಿರಲಿ. ಚಿತ್ರ ಅಲುಗಾಡಿದ್ದರೆ ಅಲುಗಾಡಿದೆ ಎಂದು ಬರೆಯಲಿ. ಸಿಡಿ ಕೊಡಲಿ. ವರದಿಯ ಕೆಳಗೆ ನಾಲ್ಕು ಸಾಲು ಕನ್ನಡದಲ್ಲಿರಲಿ. ಸ್ಕ್ಯಾನ್ ಖರ್ಚು ಹೊರರೋಗಿಗೂ ಕಾರ್ಡಿನಲ್ಲಿ ಬರಲಿ.

ಇಷ್ಟರಲ್ಲಿ ನಿಮ್ಮಿಂದ ಒಂದೇ ಆಗುವುದಾದರೆ ಆ ಚೀಟಿಯನ್ನು ಬದಲಿಸಿ. ನಾನು ಅಳತೆಪಟ್ಟಿ ಇಟ್ಟು ನೋಡಿದ್ದೇನೆ: ‘ರೋಗಿಯ ವಿವರ’ಕ್ಕೆ ಬಿಟ್ಟ ಜಾಗ 7 ಸೆಂಟಿಮೀಟರ್, ಒಂದೇ ಗೆರೆ. ಅದನ್ನು ಅರ್ಧ ಪುಟ ಮಾಡಿಸಿ. ಮನೆಯವರು ಕಂಡದ್ದು ಏನು, ಯಾವಾಗಿನಿಂದ, ಬಿದ್ದಿದ್ದರೇ, ನಡಿಗೆ ಹೇಗಿದೆ ಎಂದು ಬರೆಯಲು ಅಷ್ಟು ಜಾಗ ಸಾಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ
ಹೊಸಯಲ್ಲಾಪುರ, ಧಾರವಾಡ